ಕುರಿಗಾರನಿಗೆ ಜಾಮೀನು ನಿಂತದ್ದು

ನಾನು ಹುಟ್ಟಾ ಅಂಜುಬುರುಕಿ. ಪೊಲೀಸ್ ಜೀಪು ಕಂಡರೆ ಈಗಲೂ ರಸ್ತೆಯ ಆಚೆ ಬದಿಗೆ ಸರಿಯುತ್ತೇನೆ. ಅಂಥವಳು ಜೈಲಿನಲ್ಲಿದ್ದ ಕುರಿಗಾರನೊಬ್ಬನಿಗೆ ಜಾಮೀನು ನಿಂತೆ ಎಂದರೆ, ನನ್ನ ಸಾಲಿಯ ಮಕ್ಕಳೂ ನಂಬಲಿಕ್ಕಿಲ್ಲ.

ಮುದ್ದೇಬಿಹಾಳದಲ್ಲಿ ನಾವು ನಾಲ್ಕಾರು ಜನ, ಹೆಚ್ಚಿನವರು ಮಾಸ್ತರಿಕೆಯವರು, ಒಬ್ಬ ವಕೀಲೆಯ ಮಾತಿಗೆ ಕಟ್ಟುಬಿದ್ದು ಒಂದು ಕೆಲಸ ಹಿಡಿದಿದ್ದೆವು. ಜಾಮೀನು ಮಂಜೂರಾದರೂ ಹೊರಗೆ ಬರಲಾಗದೆ ಜೈಲಿನಲ್ಲೇ ಕೊಳೆಯುವವರಿದ್ದಾರೆ. ಯಾಕೆಂದರೆ ಜಾಮೀನು ನಿಲ್ಲುವವರು ಹೊಲದ ಉತಾರ, ಅಂದರೆ ಪಹಣಿ, ತೋರಿಸಬೇಕು, ಇವರ ಬಳಗದಲ್ಲಿ ಯಾರಿಗೂ ಹೊಲವಿರುವುದಿಲ್ಲ. ಅಂಥವರಿಗೆ ನಮ್ಮಲ್ಲಿ ಒಬ್ಬೊಬ್ಬರು ನಿಲ್ಲುವುದೆಂದಾಯಿತು. ನನ್ನ ಪಾಲಿಗೆ ಬಂದವನು ಈ ಕುರಿಗಾರ. ಅವನ ಹಿಂಡು ಯಾರದೋ ತೊಗರಿಗೆ ನುಗ್ಗಿ, ಬಡಿದಾಟವಾಗಿ, ಹೊಲದವನ ಕೈ ಮುರಿದಿತ್ತು. ಅವನ ಮಂದಿಗೆಲ್ಲ ಇದ್ದದ್ದು ಕುರಿ. ಕುರಿಗೆ ಉತಾರ ಯಾರು ಕೊಡುತ್ತಾರೆ?

ನನಗೆ ಬಸವನ ಬಾಗೇವಾಡಿ ಕಡೆ ತವರಿನಿಂದ ಬಂದ ಎರಡೆಕರೆ ಇದೆ. ಅದರ ಉತಾರದಲ್ಲಿ ಜಾಮೀನಿನ ಬೋಜಾ ಎಂದು ದಾಖಲಾಯಿತು. ಸುದ್ದಿ ತಿಳಿದ ಅಣ್ಣ ಫೋನಿನಲ್ಲೇ ಹರಿಹಾಯ್ದ.

"ಊರ ಉಸಾಬರಿ ನಿನಗ್ಯಾಕ ಬೇಕಿತ್ತ ತಂಗಿ? ಅಂವ ಇವತ್ತ ಈ ಊರಾಗ, ನಾಳೆ ಆ ಊರಾಗ. ತಾರೀಖಿಗೆ ಬರಲಿಲ್ಲಂದ್ರ ಅಪ್ಪನ ಹೊಲ ಹರಾಜಿಗೆ ಬರ್ತೈತಿ, ನೆನಪಿಡು."

ಬಿಡುಗಡೆಯಾದ ಮರುದಿನ ಕುರಿಗಾರ ನಮ್ಮ ಸಾಲಿಗೆ ಬಂದ. ಒಳಗೆ ಬಾ ಎಂದರೂ ಬಾರದೆ ಕಂಪೌಂಡಿನ ಹೊರಗೇ ನಿಂತ. ನನ್ನ ಫೋನ್ ನಂಬರಿನ ಚೀಟಿಯನ್ನು ತಲೆಗೆ ಸುತ್ತಿದ ಪಟಕಾದ ಚುಂಗಿಗೆ ಕಟ್ಟಿಕೊಂಡ.

"ಅಮಾಸಿ ಮರುದಿನ ತಾರೀಖು ಐತಿ. ತಪ್ಪಿಸಬ್ಯಾಡಪ್ಪಾ," ಎಂದೆ.

"ಜೀವ ಹ್ವಾದ್ರೂ ತಪ್ಪಸಂಗಿಲ್ರಿ ಅಕ್ಕಾರ."

ಕೈ ಮುಗಿದು, ಹಿಂಡು ಇದ್ದ ಆಲಮೇಲದ ಕಡೆ ಹೊರಟುಹೋದ. ಅಮಾವಾಸ್ಯೆ ಹತ್ತಿರ ಬಂದ ಹಾಗೆ ನನಗೆ ಊಟ ಸೇರದಾಯಿತು. ಕ್ಲಾಸಿನಲ್ಲಿ ಕರಿ ಫಳಿಯ ಮೇಲೆ ಲೆಕ್ಕ ಬರೆಯುತ್ತಿದ್ದಾಗಲೂ ಕಣ್ಣ ಮುಂದೆ ಹರಾಜಿನವನು ನಿಂತಿರುತ್ತಿದ್ದ.

ಆ ದಿನ ರಜೆ ಹಾಕಿ ಎಲ್ಲರಿಗಿಂತ ಮೊದಲೇ ಕೋರ್ಟಿನ ಪಡಸಾಲೆಯಲ್ಲಿ ಕೂತೆ. ಕುರಿಗಾರನ ಸುಳಿವಿಲ್ಲ. ಜವಾನ ಹೊರಬಂದು ಅವನ ಹೆಸರು ಕೂಗಿದ. ಯಾರೂ ಓಗೊಡಲಿಲ್ಲ. ವಕೀಲೆ ಕೈ ಮುಗಿದು ಮಧ್ಯಾಹ್ನದವರೆಗೆ ಪುರಸೊತ್ತು ಕೇಳಿಕೊಂಡರು. ಅವನ ಫೋನು ಬಂದ್. ಹಿಂಡು ತರುಬಿದ್ದ ಆಲಮೇಲದ ಹೊಲದ ಯಜಮಾನರ ನಂಬರನ್ನು ಅವನೇ ಕೊಟ್ಟುಹೋಗಿದ್ದ, ಅವರಿಗೆ ಫೋನ್ ಹಚ್ಚಿದೆ.

"ನಿನ್ನೆ ಸಂಜಿಮುಂದ ಹ್ವಾದನ್ರಿ. ಕುರಿ ಮಾವಗ ಒಪ್ಪಿಸಿದ, ಕಂಬಳಿ ಹೆಗಲಿಗೆ ಹಾಕ್ಕೊಂಡ, ಹೆಂಡ್ತಿ ಅಳಾಕತ್ತಿದ್ಲು. ಯಾವಾಗ ಬರ್ತಿ ಅಂದ್ರ, ಗೊತ್ತಿಲ್ಲ ಅಂದ."

ಕುರಿ ಬಿಟ್ಟು, ಕಂಬಳಿ ಹೊತ್ತು, ಹೆಂಡತಿಯನ್ನು ಅಳಿಸಿ ಹೋಗುವವನು ತಾರೀಖಿಗೆ ಹೋಗುವವನೇ? ಆಲಮೇಲದಿಂದ ಇಂಡಿ ಏನು ಮಹಾ ದೂರ? ಅಲ್ಲಿಂದ ಸೊಲ್ಲಾಪುರದ ರೈಲು ಹತ್ತಿದರೆ ಮುಗಿಯಿತು, ಅವನನ್ನು ಯಾರು ಹುಡುಕುತ್ತಾರೆ? ವಾರಂಟು ಅವನಿಗೆ, ನೋಟೀಸು ನನಗೆ. ಅಣ್ಣನ ಫೋನು ಬರುತ್ತಲೇ ಇತ್ತು, ಎತ್ತಲಿಲ್ಲ. ಕುರಿಗಾರನ ಮೇಲೆ, ವಕೀಲೆಯ ಮೇಲೆ, ನನ್ನ ದೊಡ್ಡಸ್ತಿಕೆಯ ಮೇಲೆ ಸಿಟ್ಟು ಉಕ್ಕಿ ಬರುತ್ತಿತ್ತು.

ಅಷ್ಟರಲ್ಲಿ ಗುರುತಿಲ್ಲದ ನಂಬರಿನಿಂದ ಕರೆ ಬಂತು.

"ವಿಜಯಪುರ ಜೈಲಿನಿಂದ ಮಾತಾಡಾಕತ್ತೇನ್ರಿ."

ಮತ್ತೆ ಏನೋ ಮಾಡಿ ಸಿಕ್ಕಿಬಿದ್ದನೆಂದುಕೊಂಡೆ. ಮಾತಾಡುತ್ತಿದ್ದವನು ಗೇಟಿನ ಪಹರೆಯವನು.

"ನಿಮ್ಮ ಮನಷ್ಯಾ ಮುಂಜಾನಿಂದ ಇಲ್ಲೇ ಕುಂತಾನ್ರಿ. ಇವತ್ತ ನಂದು ತಾರೀಖು, ಒಳಗ ಬಿಡ್ರಿ ಅಂತ ಗಂಟು ಬಿದ್ದಾನ. ಎಷ್ಟ್ ಹೇಳಿದ್ರೂ ಏಳವಲ್ಲ. ಪಟಕಾದಾಗ ಈ ನಂಬರ್ ಇತ್ತು."

ವಕೀಲೆಗೆ ಹೇಳಿದೆ. ಅವರು ಹಣೆ ಹಣೆ ಬಡಿದುಕೊಂಡರು. ಅವನನ್ನು ಹಿಡಿದ ದಿನ ಪೊಲೀಸರು ಕತ್ತಲಲ್ಲಿ ಜಡ್ಜ್ ಸಾಹೇಬರ ಮನೆಯ ಮುಂದೆ ನಿಲ್ಲಿಸಿ ನೇರ ಜೈಲಿಗೆ ಕರೆದೊಯ್ದಿದ್ದರು. ಆಮೇಲಿನ ತಾರೀಖುಗಳೆಲ್ಲ ಜೈಲಿನೊಳಗಿನ ಒಂದು ಖೋಲಿಯಲ್ಲಿ, ಸಾಹೇಬರು ಕಾಣುವ ವಿಡಿಯೋ ಟಿವಿಯ ಮುಂದೆಯೇ ನಡೆದವು. ಅವನ ಲೆಕ್ಕದಲ್ಲಿ ಕೋರ್ಟೆಂದರೆ ಜೈಲಿನ ಆ ಖೋಲಿ. ಯಾವತ್ತು ಎಂದು ಹೇಳಿದ ನಾವು, ಎಲ್ಲಿಗೆ ಎಂದು ಹೇಳಿರಲೇ ಇಲ್ಲ.

ಸಾಹೇಬರು ವಿಷಯ ಕೇಳಿ ಕೇಸನ್ನು ಕೊನೆಗಿಟ್ಟರು. ಪಹರೆಯವನೇ ಅವನನ್ನು ಬಸ್ಸಿಗೆ ಹತ್ತಿಸಿದನಂತೆ. ಬಸ್ಸು ಕೆಟ್ಟು ನಿಂತರೆ? ಇವನು ನಡುದಾರಿಯ ಬಾಗೇವಾಡಿಯಲ್ಲೇ ಇಳಿದುಬಿಟ್ಟರೆ? ಬಸ್‌ಸ್ಟ್ಯಾಂಡಿಗೂ ಕೋರ್ಟಿಗೂ ಅಡ್ಡಾಡಿ ನನ್ನ ಕಾಲು ಸೋತುಹೋಯಿತು. ಕೋರ್ಟು ಏಳುವ ಹೊತ್ತಿಗೆ ಆಟೋದಿಂದ ಇಳಿದು ಓಡಿಬಂದ. ಹೆಗಲ ಮೇಲೆ ಕಂಬಳಿ, ಕೈಚೀಲದಲ್ಲಿ ಉಣ್ಣುವ ಗಂಗಾಳ. ಹಾಜರಿ ಬಿತ್ತು, ಮುಂದಿನ ತಾರೀಖು ಕೊಟ್ಟರು.

ಹೊರಗೆ ಬಂದ ಮೇಲೆ ತಡೆದಿಟ್ಟಿದ್ದ ಸಿಟ್ಟೆಲ್ಲ ಒಮ್ಮೆಲೇ ಹೊರಬಂತು.

"ಕಂಬಳಿ, ಗಂಗಾಳ ಯಾಕ ತಂದಿ? ಓಡಿ ಹ್ವಾದಿ ಅಂತ ಜೀವ ಬಾಯಿಗೆ ಬಂದಿತ್ತಲ್ಲೋ!"

"ಒಳಗ ಥಂಡಿ ಭಾಳ ಇರ್ತೈತ್ರಿ ಅಕ್ಕಾರ. ಒಮ್ಮಿ ಒಳಗ ಹ್ವಾದ್ರ ಈ ಸಲ ಯಾವಾಗ ಬಿಡ್ತಾರೋ ಏನೋ ಅಂತ ತಂದಿದ್ನಿ."

"ಮತ್ತ ಕೂಡಹಾಕ್ತಾರಂತ ತಿಳಿದೂ ಹ್ವಾದ್ಯಾ?"

"ಹೋಗಲಿಲ್ಲಂದ್ರ ನಿಮ್ಮ ಹೊಲ ಹೋಗ್ತಿತ್ತಲ್ರಿ."

ಅವನ ಕೈ ಹಿಡಿದು ಕೋರ್ಟಿನ ಗೇಟು ತೋರಿಸಿದೆ, ಕೂಗುವ ಜವಾನ ನಿಲ್ಲುವ ಬಾಗಿಲು ತೋರಿಸಿದೆ, ಚಹಾ ಕುಡಿಸಿ ಆಲಮೇಲದ ದಾರಿಯ ಸಿಂದಗಿ ಬಸ್ಸಿಗೆ ಹತ್ತಿಸಿದೆ.

ಮುಂದಿನ ತಾರೀಖು ಹತ್ತಿರ ಬಂದಿದೆ, ಮತ್ತೆ ಊಟ ಸೇರುತ್ತಿಲ್ಲ. ಹೊಲದ ಚಿಂತೆ ಈಗ ಅಷ್ಟಿಲ್ಲ. ಕೇಸಿನಲ್ಲಿ ಶಿಕ್ಷೆಯೇ ಆಗಿಬಿಟ್ಟರೆ, ಯಾರೂ ಹಿಡಿದು ಎಳೆಯದಿದ್ದರೂ ಅವನು ಕಂಬಳಿ ಹೊತ್ತು ಜೈಲಿನ ಆ ಗೇಟಿಗೆ ನಡೆದು ಹೋಗುತ್ತಾನೆಂಬುದು ನನಗೆ ಗೊತ್ತು.