ಗೇಟು ಮುಚ್ಚಿದ ವಾರದ ದ್ರಾಕ್ಷಿ

ರಿಫ್ರ್ಯಾಕ್ಟೋಮೀಟರಿನ ಗಾಜಿನ ಮೇಲೆ ಒಂದು ಹನಿ ರಸ ಹಾಕಿ ಬೆಳಕಿಗೆ ಹಿಡಿದೆ: ಹದಿನೆಂಟು. ಸಿಹಿಯ ಅಳತೆ ಇಷ್ಟು ಬಂದರೆ ತಿನ್ನುವ ದ್ರಾಕ್ಷಿ ಕೊಯ್ಲಿಗೆ ಸಿದ್ಧ. ಎರಡು ವರ್ಷದ ಹಿಂದಿನ ಮಾರ್ಚ್. ಐಗಳಿಯ ಮಲ್ಲಪ್ಪ ಕಾಕಾರ ತೋಟ. ರಾಜ್ಯಶಾಸ್ತ್ರದಲ್ಲಿ ಎಂ.ಎ. ಮುಗಿಸಿದ ನಾನು ಅಥಣಿ ಕಡೆಯ ಒಂದು ರಫ್ತು ಪ್ಯಾಕ್‌ಹೌಸಿನಲ್ಲಿ ತೋಟಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೆ.

ನಮ್ಮ ಮಾಲೆಲ್ಲ ಪೂರ್ವದ ನೆರೆದೇಶಕ್ಕೆ ಹೋಗುತ್ತಿತ್ತು. ಆ ವಾರ ಎರಡು ಸರ್ಕಾರಗಳ ನಡುವಿನ ಮಾತು ಬಿಗಿಯಾಯಿತು. ಯಾರೂ ಗುಂಡು ಹಾರಿಸಲಿಲ್ಲ. ಗಡಿಯ ಗೇಟಿನಲ್ಲಿ ಆ ಕಡೆಯವರು ಹಣ್ಣಿನ ಲಾರಿಗಳನ್ನು ತಡೆದರು. ವ್ಯಾಪಾರವಿರುವ ದೇಶಗಳು ಹೊಡೆದಾಡುವುದಿಲ್ಲ ಎಂದು ನಾನು ಪರೀಕ್ಷೆಯಲ್ಲಿ ಬರೆದಿದ್ದೆ. ವ್ಯಾಪಾರವನ್ನೇ ಬಡಿಗೆ ಮಾಡಿಕೊಳ್ಳಬಹುದು ಎಂದೂ ಓದಿದ್ದೆ. ಏಟು ಯಾರ ಬೆನ್ನಿಗೆ ಬೀಳುತ್ತದೆ ಎಂಬುದು ಪುಸ್ತಕದಲ್ಲಿರಲಿಲ್ಲ.

"ಗೇಟ್ ಯಾವಾಗ ತೆಗೀತಾರಂತ್ರಿ ಮೇಡಂ?"

"ಗೊತ್ತಿಲ್ಲ ಕಾಕಾ. ಕೊಯ್ದ್ರ ಲಾರಿ ಒಳಗ ಕೊಳೀತಾವ, ಬಿಟ್ರ ಬಳ್ಳಿ ಮ್ಯಾಲ ಮೆತ್ತಗಾಗ್ತಾವ."

ಎಲ್ಲರ ಮಾಲೂ ಒಮ್ಮೆಲೇ ಮಿರಜ ಪೇಟೆಗೆ ನುಗ್ಗಿದ್ದರಿಂದ ಅಲ್ಲಿ ಕೇಳುವವರೇ ಇರಲಿಲ್ಲ. ಉಳಿದದ್ದು ಒಂದೇ ದಾರಿ: ಒಣಗಿಸಿ ಮಣೂಕ, ಅಂದರೆ ಒಣದ್ರಾಕ್ಷಿ, ಮಾಡುವುದು. ಅದಕ್ಕೆ ಹಣ್ಣು ಹರವಲು ಜಾಲರಿ ಕಟ್ಟಿದ ಶೆಡ್ ಬೇಕು. ಖಾಲಿ ಇದ್ದದ್ದು ಕಾಕಾರ ತಮ್ಮ ಬಸಪ್ಪನದು ಮಾತ್ರ. ಅಣ್ಣ ತಮ್ಮ ಮಾತು ಬಿಟ್ಟು ವರ್ಷಗಳಾಗಿದ್ದವು. ಇಬ್ಬರಿಗೂ ಸೇರಿದ ಬಾವಿ ಕಾಕಾರ ಹೊಲದಲ್ಲಿದೆ. ಜಗಳವಾದ ದಿನವೇ ಅವರು ತಮ್ಮನ ಪೈಪಿನ ವಾಲ್ವಿಗೆ ಕೀಲಿ ಜಡಿದಿದ್ದರು.

"ನೀರು ಬಂದ್ ಮಾಡಿದವ್ರು ಈಗ ಯಾವ ಮಾರಿ ಹೊತ್ಕೊಂಡು ಶೆಡ್ ಕೇಳ್ತೀರಿ?" ಎಂದರು ಕಾಕಾರ ಹೆಂಡತಿ ಕಾಶವ್ವ.

"ನೀ ಸುಮ್ಕಿರ ಬೇ."

"ನಾ ಸುಮ್ಕಿರ್ತೀನಿ. ದ್ರಾಕ್ಷಿ ಇರ್ತಾವೇನು?"

ಕಾಕಾ ಎದ್ದರು. ನನ್ನನ್ನೂ ಕರೆದುಕೊಂಡು ಹೋದರು.

ಬಸಪ್ಪ ಕುಳಿತಲ್ಲಿಂದ ಏಳಲಿಲ್ಲ. "ಶೆಡ್ ತಗೋ ಅಣ್ಣಾ. ವಾಲ್ವಿನ ಚಾವಿ ನನಗ ಕೊಡು."

"ಚಾವಿ ಇಸ್ಕೊಂಡು ನಾಳೆ ನೀ ಶೆಡ್ಡಿಗೆ ಕೀಲಿ ಹಾಕಿದ್ರ?"

"ನೀ ನೀರಿಗೆ ಹಾಕಿದ್ದಿಯಲ್ಲ, ನಾ ಸತ್ನೇನು?"

ಬಹಳ ಹೊತ್ತಿನ ಮೇಲೆ ಒಂದು ಒಪ್ಪಂದವಾಯಿತು. ಚಾವಿ ಕಾಕಾರ ಬಳಿಯೇ ಇರಲಿ, ಆದರೆ ಹಣ್ಣು ಜಾಲರಿಯ ಮೇಲಿರುವ ತನಕ ನೀರು ಹರಿಯಬೇಕು. ನೀರು ನಿಂತ ದಿನ ಹಣ್ಣು ಹೊರಗೆ. ಅದು ರಾಜಿಯಾಗಿರಲಿಲ್ಲ. ಇನ್ನೊಬ್ಬನನ್ನು ಕೆಡಿಸುವ ಶಕ್ತಿ ಇಬ್ಬರ ಕೈಯಲ್ಲೂ ಇತ್ತು, ಅಷ್ಟೇ. ಅದೇ ಅವರನ್ನು ಕಾಪಾಡಿತು, ನೆಮ್ಮದಿಯಿಂದ ಕೂರಲೂ ಬಿಡಲಿಲ್ಲ. ಅಣ್ಣ ದಿನಕ್ಕೆ ಹತ್ತು ಸಲ ಶೆಡ್ಡಿಗೆ ಬರುತ್ತಿದ್ದರು, ಬಸಪ್ಪ ಬಾವಿಗೆ ಹೋಗುತ್ತಿದ್ದ.

ತಿನ್ನಲೆಂದು ಬೆಳೆಸಿದ ಹಣ್ಣಿನಲ್ಲಿ ನೀರು ಹೆಚ್ಚು, ಸಕ್ಕರೆ ಕಡಿಮೆ. ಒಣಗಿದಾಗ ಸುಕ್ಕಾಗಿ ಹಗುರಾದವು, ಬೆಲೆಯೂ ಕಡಿಮೆ ಬಂತು. ವರ್ಷದ ಬೆಳೆ ಮಣ್ಣುಪಾಲಾಗಲಿಲ್ಲ ಎನ್ನುವುದನ್ನು ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಕೊನೆಯ ಜಾಲರಿ ಇಳಿಸಿದ ಸಂಜೆಯೂ ಗಡಿಯ ಗೇಟು ಮುಚ್ಚಿಯೇ ಇತ್ತು.

ಮರುದಿನ ಬೆಳಿಗ್ಗೆ ಸತ್ತಿ ಊರಿನಲ್ಲಿ, ಹಣ್ಣು ತಡವಾಗಿ ಮಾಗುವ ಒಂದು ತೋಟಕ್ಕೆ ಹೋದೆ. ಇಂದಲ್ಲ ನಾಳೆ ಗೇಟು ತೆಗೆದಾರೆಂದು ಆಳುಗಳು ಆಗಲೇ ಕತ್ತರಿ ಹಿಡಿದು ನಿಂತಿದ್ದರು. ಮಾಲೀಕರನ್ನು ಕೇಳಿದೆ: "ಗಡಿ ಆಚೆಯವ್ರು ಬ್ಯಾಡ ಅಂದ್ರ, ಇವು ಮತ್ತ್ಯಾರ ಕಡೆ ಹೋಗ್ತಾವ್ರಿ?" ಅವರು ಉತ್ತರ ಕೊಡುವ ತನಕ ಒಂದು ಗೊಂಚಲನ್ನೂ ಕೊಯ್ಯಲು ಬಿಡಲಿಲ್ಲ.