ಖಾಲಿ ಬಾಟ್ಲಿಯ ಮರ್ಯಾದೆ

ಕಳೆದ ಶನಿವಾರ ಬೆಳಿಗ್ಗೆ ಮೂಡುಬಿದಿರೆಯ ಕಾಲೇಜೊಂದರಲ್ಲಿ ಖಾಲಿ ಬಾಟ್ಲಿಗಳ ಬಗ್ಗೆ ನಲವತ್ತು ನಿಮಿಷ ಭಾಷಣ ಬಿಗಿದೆ. ಅದೇ ಸಂಜೆ ನಮ್ಮ ಮನೆಯ ಅಟ್ಟದಲ್ಲಿ ಮಾಲು ಸಿಕ್ಕಿತು. ಒಂದೆರಡಲ್ಲ, ಇಪ್ಪತ್ತಮೂರು ಬಾಟ್ಲಿ!

ಮೊದಲಿನಿಂದ ಹೇಳುತ್ತೇನೆ.

ಕಾಲೇಜಿನವರು ಕೊಟ್ಟ ವಿಷಯ ಪಾನೀಯ ಉದ್ಯಮದ ಗ್ರೀನ್ ಲಾಜಿಸ್ಟಿಕ್ಸ್, ಅಂದರೆ ಪರಿಸರಕ್ಕೆ ಹೊರೆಯಾಗದ ಸರಕು ಸಾಗಣೆ. ಹೆಸರು ಕೇಳಿಯೇ ನನಗೆ ಬಾಯಾರಿತು. ಗೊತ್ತಿರುವುದನ್ನೇ ಹೇಳುವ ಎಂದುಕೊಂಡು ನಮ್ಮ ಖಾದರ್ ಕಥೆ ಹೇಳಿದೆ. ಕಕ್ಕಿಂಜೆಯಲ್ಲಿ ಖಾದರ್‌ನದೊಂದು ಪುಟ್ಟ ಸೋಡಾ ಫ್ಯಾಕ್ಟರಿ ಇದೆ, ಅಪ್ಪನ ಕಾಲದ್ದು. ಪುನರ್ಪುಳಿ, ಜಿಂಜರ್, ಲೆಮನ್, ಎಲ್ಲವೂ ಗಾಜಿನ ಬಾಟ್ಲಿಯಲ್ಲೇ. ಅವನ ಪಿಕಪ್ ತುಂಬಿದ ಬಾಟ್ಲಿ ಹೊತ್ತು ಬೆಳ್ತಂಗಡಿ ದಾಟಿ ಬಂಟ್ವಾಳದವರೆಗೆ ಇಳಿಯುತ್ತದೆ. ಅದೇ ದಾರಿಯಲ್ಲಿ ಖಾಲಿ ಬಾಟ್ಲಿ ಹೆಕ್ಕಿಕೊಂಡು ಹತ್ತುತ್ತದೆ. ಗಾಡಿ ಬರಿದೇ ಓಡುವುದಿಲ್ಲ, ಬಾಟ್ಲಿ ತೋಡಿಗೆ ಬೀಳುವುದಿಲ್ಲ. ದೊಡ್ಡ ಕಂಪನಿಗಳು ಕೋಟು ಹಾಕಿಕೊಂಡು ಪಿಪಿಟಿಯಲ್ಲಿ ತೋರಿಸುವುದನ್ನು ಇವನು ಲುಂಗಿ ಉಟ್ಟುಕೊಂಡೇ ಮಾಡುತ್ತಿದ್ದಾನೆ ಎಂದೆ. ಚಪ್ಪಾಳೆಯೋ ಚಪ್ಪಾಳೆ! (ವೇದಿಕೆಯಲ್ಲಿ ನನ್ನೆದುರು ಇದ್ದದ್ದು ಪ್ಲಾಸ್ಟಿಕ್ ನೀರಿನ ಬಾಟ್ಲಿ. ಗಂಟಲು ಒಣಗಿತ್ತು, ಕುಡಿದೆ. ಕ್ಷಮಿಸಿ.)

ಶಾಲು ಹೆಗಲಲ್ಲೇ ಇಟ್ಟುಕೊಂಡು ಬೆಳ್ತಂಗಡಿಯ ಮನೆಗೆ ಬಂದರೆ ಗೇಟಿನಲ್ಲಿ ಅದೇ ಪಿಕಪ್. ಜಗಲಿಯಲ್ಲಿ ಖಾದರ್. ಮುಖ ಬಾಡಿತ್ತು.

"ಸೋಮವಾರ ಮಂಗಳೂರಿನಿಂದ ಪ್ಲಾಸ್ಟಿಕ್ ಬಾಟ್ಲಿ ಮೆಷಿನ್‌ನವರು ಬರ್ತಾರೆ ಸಾರ್. ಮೆಷಿನ್ ಆರ್ಡರಿಗೆ ಸೈನ್ ಹಾಕ್ತೇನೆ. ಗಾಜು ಇನ್ನು ಸಾಕು."

ಬೆಳಿಗ್ಗೆಯಷ್ಟೇ ಇವನನ್ನು ಹೀರೋ ಮಾಡಿ ಬಂದಿದ್ದೇನೆ! "ಎಂತ ಆಯ್ತು ಮಾರಾಯ?"

"ಬಾಟ್ಲಿ ವಾಪಸ್ ಬರುದಿಲ್ಲ. ಅಂಗಡಿಯವರು ಕೊಡ್ತಾರೆ, ಚಾರ್ಮಾಡಿಯ ಹೋಟೆಲಿನವರೂ ಕೊಡ್ತಾರೆ. ಮನೆಗಳಿಗೆ ಹೋದದ್ದು ಮಾತ್ರ ಹೋದದ್ದೇ. ಹೊಸತು ತರುವ ಅಂದ್ರೆ ಈ ನಮೂನೆಯದ್ದು ಈಗ ಸಿಗುದೇ ಇಲ್ಲ. ಮದುವೆ ಸೀಸನ್ ಬಂತು, ಬಾಟ್ಲಿ ಇಲ್ಲದೆ ಆರ್ಡರ್ ಹೇಗೆ ತೆಗೊಳ್ಳುದು?"

ನನಗೆ ಸಿಟ್ಟು ನೆತ್ತಿಗೇರಿತು. "ಯಾರದು ಅಂಥ ನಾಚಿಕೆಗೆಟ್ಟವರು? ಹೆಸರು ಹೇಳು, ಪೇಪರಿನ ನನ್ನ ಅಂಕಣದಲ್ಲಿ ಬರೆದು ಜನ್ಮ ಜಾಲಾಡ್ತೇನೆ!"

ಒಳಗಿನಿಂದ ಹೆಂಡತಿ ವಸಂತಿ ಕೆಮ್ಮಿದಳು. ಮೂವತ್ತು ವರ್ಷದ ಸಂಸಾರ, ಆ ಕೆಮ್ಮಿನ ಅರ್ಥ ನನಗೆ ಗೊತ್ತು. ತಿರುಗಿ ನೋಡಿದರೆ ಕಣ್ಣಲ್ಲೇ ಅಟ್ಟ ತೋರಿಸಿದಳು. ಏಣಿ ಇಟ್ಟು ಅಟ್ಟ ಹತ್ತಿದೆ. ಪೇಪರ್ ಹಾಸಿದ ಹಲಗೆಯ ಮೇಲೆ, ತೊಳೆದು ಒಣಗಿಸಿದ ಖಾದರ್‌ನ ಬಾಟ್ಲಿಗಳು ಸಾಲಾಗಿ ನಿಂತಿದ್ದವು.

"ಕೊಡಬಾರದು ಅಂತ ಅಲ್ಲ," ಎಂದಳು ವಸಂತಿ ಕೆಳಗಿನಿಂದ. "ಖಾಲಿ ಹೇಗೆ ಕೊಡುದು? ನಮ್ಮ ಪೆಟ್ಟಿಗೆಯ ಜೇನು ತೆಗೆದ ಮೇಲೆ ಒಂದೆರಡರಲ್ಲಾದ್ರೂ ತುಂಬಿಸಿ ಒಟ್ಟಿಗೆ ಕೊಡುವ ಅಂತ ಇಟ್ಟದ್ದು."

ನಮ್ಮೂರಿನ ಕಾಯಿಲೆಯೇ ಇದು. ಪಕ್ಕದ ಮನೆಯಿಂದ ಪಾಯಸ ಬಂದ ಪಾತ್ರೆ ಖಾಲಿಯಾಗಿ ಹಿಂದೆ ಹೋಗಕೂಡದು. ನಾಲ್ಕು ಬೆಂಡೆಕಾಯಿ, ಅದೂ ಇಲ್ಲದಿದ್ದರೆ ಒಂದು ಮುಷ್ಟಿ ಸಕ್ಕರೆಯಾದರೂ ಹಾಕಬೇಕು. ಪಾತ್ರೆಗೆ ಸರಿ. ಕಾಸು ಕೊಟ್ಟು ಕುಡಿದ ಸೋಡಾದ ಬಾಟ್ಲಿಗೂ ಅದೇ ಮರ್ಯಾದೆಯೆ?

ಖಾದರ್ ತಲೆಯ ಮೇಲೆ ಕೈ ಹೊತ್ತುಕೊಂಡ. "ಅಲ್ಲಾಹ್! ಎಲ್ಲ ಮನೆಯಲ್ಲೂ ಇದೇ ಮಾತು ಅಕ್ಕಾ! ಬಂಟ್ವಾಳದಲ್ಲಿ ಒಬ್ಬರು ಕೊಬ್ಬರಿ ಗಾಣಕ್ಕೆ ಹೋಗಿ ಬರಲಿ, ಎಣ್ಣೆ ಹಾಕಿ ಕೊಡ್ತೇನೆ ಅಂತಾರೆ. ನನಗೆ ಖಾಲಿ ಕೊಡಿ ಮಾರಾಯ್ರೆ, ಖಾಲಿಯೇ ನನ್ನ ಅನ್ನ!"

ವಸಂತಿಯನ್ನು ಪಾಪಪ್ರಜ್ಞೆ ಕಾಡಿತು. ಕೂಡಲೇ ಮಹಿಳಾ ಸಂಘದ ವಾಟ್ಸ್ಯಾಪ್ ಗ್ರೂಪಿಗೆ ವಾಯ್ಸ್ ಮೆಸೇಜ್ ಹಾಕಿದಳು: "ಖಾದರಣ್ಣನ ಬಾಟ್ಲಿ ಯಾರಲ್ಲಿ ಉಂಟೋ ನಾಳೆ ನಮ್ಮ ಜಗಲಿಗೆ ತನ್ನಿ. ಇಲ್ಲದಿದ್ರೆ ಅವರು ಪ್ಲಾಸ್ಟಿಕ್ ಮಾಡ್ತಾರಂತೆ." ಖಾಲಿ ತನ್ನಿ ಎನ್ನುವುದು ಮರೆತೇ ಹೋಯಿತು.

ಭಾನುವಾರ ಜಗಲಿಯಲ್ಲಿ ಕಾಲಿಡಲು ಜಾಗವಿಲ್ಲ. ಬುಟ್ಟಿಯಲ್ಲಿ, ಸ್ಕೂಟರಿನಲ್ಲಿ, ಆಟೋದಲ್ಲಿ ಬಾಟ್ಲಿಗಳು ಬಂದೇ ಬಂದವು. ಕೆಲವು ಖಾಲಿ. ಉಳಿದವು ಭರ್ತಿ! ಜೇನು, ತೆಂಗಿನೆಣ್ಣೆ, ಪುನರ್ಪುಳಿ ಸಿರಪ್. ಒಬ್ಬರಂತೂ ಮಜ್ಜಿಗೆ ತುಂಬಿಸಿದ್ದರು. (ಪಾಪ, ಮನೆಯಲ್ಲಿ ಬೇರೇನೂ ಇರಲಿಲ್ಲವೇನೋ.)

ಖಾದರ್ ಬಂದು ಬಾಟ್ಲಿಗಳ ನಡುವೆ ನಿಂತ. "ಇಷ್ಟು ಜನ ಒಡೆಯದೆ ಇಟ್ಟಿದ್ದಾರಾ ಸಾರ್?" ಎಂದು ಕಣ್ಣೊರೆಸಿಕೊಂಡ. ಮರುಕ್ಷಣ ಎಣ್ಣೆ ಬಾಟ್ಲಿ ಮೂಸಿ ನೋಡಿ, "ಇದನ್ನು ತೊಳೆಯುವಾಗ ನನ್ನ ಸೊಂಟ ಬೀಳ್ತದೆ," ಎಂದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನಗು ನಿಂತ ಮೇಲೆ ಯೋಚನೆ ಬಂತು. ಸಪ್ಲೈ ಚೈನ್ ತಜ್ಞರು ಡೀಸೆಲ್, ಕಿಲೋಮೀಟರ್, ಕಾರ್ಬನ್ ಎಲ್ಲವನ್ನೂ ಲೆಕ್ಕ ಹಾಕುತ್ತಾರೆ. ದಾಕ್ಷಿಣ್ಯಕ್ಕೆ ಅವರ ಎಕ್ಸೆಲ್ ಶೀಟಿನಲ್ಲಿ ಜಾಗ ಉಂಟೇ? ನಮ್ಮ ಸರಪಳಿ ತುಂಡಾದದ್ದು ರಸ್ತೆಯಲ್ಲಿ ಅಲ್ಲ, ಅಟ್ಟದಲ್ಲಿ. ಅದೂ ಒಳ್ಳೆಯವರ ಅಟ್ಟದಲ್ಲಿ. ಭಾಷಣ ಬಿಗಿದವನ ಅಟ್ಟವೂ ಅದರಲ್ಲಿ ಸೇರಿತ್ತು ಎನ್ನುವುದಕ್ಕೆ ನನಗಿನ್ನೂ ನಾಚಿಕೆಯಿದೆ.

ಸೋಮವಾರ ಸಂಜೆ ಖಾದರ್ ಫೋನ್ ಮಾಡಿದ. "ಸೈನ್ ಹಾಕ್ಲಿಲ್ಲ ಸಾರ್. ಈ ಸೀಸನ್ ಗಾಜಿನಲ್ಲೇ ನೋಡುವ."

ಕುಣಿಯುವಷ್ಟು ಖುಷಿಯಾಯಿತು. "ಮೆಷಿನ್‌ನವರು ಬೇಜಾರು ಮಾಡಿಕೊಂಡ್ರಾ?"

"ಇಲ್ಲ ಸಾರ್. ಅಷ್ಟು ದೂರದಿಂದ ಬಂದವರು, ಬರಿಗೈಯಲ್ಲಿ ಹೇಗೆ ಕಳಿಸುದು? ಸ್ವಲ್ಪ ಜೇನು ಕೊಟ್ಟು ಕಳಿಸಿದೆ."

"ಯಾವುದರಲ್ಲಿ?"

ಖಾದರ್ ದನಿ ತಗ್ಗಿಸಿದ.

"ನಮ್ಮ ಬಾಟ್ಲಿಯಲ್ಲೇ ಸಾರ್."

ಮಂಗಳೂರಿನ ಮೆಷಿನ್‌ನವರೇ, ಇದನ್ನು ಓದುತ್ತಿದ್ದರೆ ಆ ಬಾಟ್ಲಿಯನ್ನು ದಯವಿಟ್ಟು ಖಾಲಿಯೇ ಕಳಿಸುತ್ತೀರಾ?