ಅಂಕವಿಲ್ಲದ ಪ್ರಶ್ನೆ

ನಮ್ಮಕ್ಕನ ಕೆಲಸ ನಿಂತುಕೊಳ್ಳುವುದು. ಕೇಳಿದವರು ನಗುತ್ತಾರೆ, ಆದರೆ ಮಾತು ನಿಜ. ಪರದೇಶದ ವಿಶ್ವವಿದ್ಯಾಲಯಕ್ಕೆ ಮೇಲಿನ ಓದಿಗೆಂದು ಹೊರಟವರು ತಮಗೆ ಇಂಗ್ಲಿಷು ಬರುತ್ತದೆಂದು ಮೊದಲು ರುಜುವಾತು ಮಾಡಬೇಕಲ್ಲ, ಅಂಥ ಪರೀಕ್ಷೆ ನಡೆಯುವ ಕೋಣೆಯಲ್ಲಿ ಅವಳು ಮೇಲ್ವಿಚಾರಕಿ. ಬಂದವರ ಜೇಬು ನೋಡುತ್ತಾಳೆ, ವಾಚು ಬಿಚ್ಚಿಸುತ್ತಾಳೆ, ಸಾಮಾನಿಡುವ ಲಾಕರಿನ ಬೀಗದ ಕೈ ಕೊಡುತ್ತಾಳೆ. ಆಮೇಲೆ ಕಂಪ್ಯೂಟರುಗಳ ಸಾಲಿನ ನಡುವೆ ನಿಂತೇ ಇರುತ್ತಾಳೆ. ಮೇಲ್ವಿಚಾರಕರಿಗೆ ಕುರ್ಚಿ ಹಾಕಬಾರದೆಂಬ ನಿಯಮ ಯಾವ ಪುಣ್ಯಾತ್ಮನ ತಲೆಯಲ್ಲಿ ಹುಟ್ಟಿತೋ, ಅವನೊಮ್ಮೆ ನನ್ನ ಕೈಗೆ ಸಿಕ್ಕಬೇಕು.

ನಾನು ಅವಳ ತಮ್ಮ. ಕನ್ನಡಕದ ಅಂಗಡಿ ಇಟ್ಟಿದ್ದೇನೆ. ಕಣ್ಣೆದುರು ಏನಿದೆಯೋ ಅದನ್ನು ಸರಿಯಾಗಿ ಕಾಣಿಸುವುದು ನನ್ನ ಕಸುಬು. ಅಕ್ಕನದು ಕಣ್ಣು ಬಿಟ್ಟುಕೊಂಡೇ ಕನಸು ಕಾಣುವ ಜಾತಿ. ಭಾವ ಹೋದ ಮೇಲೆ ನನ್ನ ಜೊತೆಗೇ ಇದ್ದಾಳೆ. ಸಂಜೆ ಬಂದವಳೇ ಬಿಸಿನೀರಿನ ಬೋಗುಣಿಯಲ್ಲಿ ಪಾದ ಇಳಿಬಿಟ್ಟು, ಆ ಕೋಣೆಯ ಸುದ್ದಿ ತೆಗೆಯುತ್ತಾಳೆ. ನಾನು ಹೂಂಗುಡುತ್ತೇನೆ.

ಆ ಪರೀಕ್ಷೆಯಲ್ಲಿ ಮಾತಾಡುವ ಭಾಗ ಒಂದಿದೆ. ಎದುರಿಗೆ ಯಾರೂ ಇರುವುದಿಲ್ಲ. ಎಲ್ಲರೂ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಒಟ್ಟಿಗೇ, ತಮ್ಮ ತಮ್ಮ ಮೈಕಿಗೆ ಮಾತಾಡಬೇಕು. ಮೊದಲು ಮೈಕು ಸರಿಯಿದೆಯೋ ಎಂದು ನೋಡಲು ಒಂದು ಪ್ರಶ್ನೆ: ನೀವಿರುವ ಊರನ್ನು ವರ್ಣಿಸಿ. ಇದಕ್ಕೆ ಅಂಕವಿಲ್ಲ. ದನಿ ಕೇಳಿಸಿದರೆ ಸಾಕು, ಯಂತ್ರ ಮಾತನ್ನು ಅರ್ಧಕ್ಕೇ ಕತ್ತರಿಸುತ್ತದೆ. ಕೇಳುವವರು ಯಾರೂ ಇಲ್ಲದ್ದರಿಂದ ಜನ ಧಾರಾಳವಾಗಿ ಹೇಳುತ್ತಾರೆ. ಒಬ್ಬಳ ಊರಲ್ಲಿ ಎಲ್ಲರೂ ನಗುಮುಖದವರು, ಒಬ್ಬನ ಊರಲ್ಲಿ ಮರಗಳ ಕೆಳಗೆ ಬೆಂಚುಗಳು, ಇನ್ನೊಬ್ಬನ ಊರಲ್ಲಿ ನದಿ. ನಮ್ಮೂರಲ್ಲಿ ನದಿಯೇ ಇಲ್ಲ!

"ನಗಬೇಡ ಕಣೋ," ಎನ್ನುತ್ತಾಳೆ ಅಕ್ಕ. "ಎಲ್ರ ದನಿನೂ ಸೇರ್ಕೊಂಡಾಗ ಗೋಡೆಗಳೆಲ್ಲ ಕರಗಿಹೋದ ಹಾಗಾಗುತ್ತೆ. ನಾನು ಆ ಊರೊಳಗೇ ನಡ್ಕೊಂಡು ಹೋಗ್ತಿರ್ತೀನಿ."

ಹಾಗೆ ನಡೆಯುವಾಗ ಅವಳಿಗೆ ಸಿಕ್ಕವನು ಕಲ್ಲಪ್ಪ. ಅದು ಅಕ್ಕ ಇಟ್ಟ ಹೆಸರು. ಕಲ್ಲು ಬಂಡೆಗಳ ವಿಷಯವಾಗಿ ಮೇಲೆ ಓದಬೇಕೆಂದಿದ್ದವನು. ಮೈಕಿನ ಪ್ರಶ್ನೆಗೆ ಎಷ್ಟು ಚೆನ್ನಾಗಿ ಹೇಳುತ್ತಿದ್ದನೆಂದರೆ, ಅಕ್ಕ ಅವನ ಸಾಲಿನ ಹತ್ತಿರವೇ ಸುಳಿದಾಡುತ್ತಿದ್ದಳು. ದರ್ಜಿ ಅಂಗಡಿ ದಾಟಿ ತಿರುಗಿದರೆ ಒಂದು ಓಣಿಯಂತೆ. ಅಲ್ಲಿ ಕೊಡೆ ರಿಪೇರಿ ಮಾಡುವವರ ಮನೆಗಳು. ಬಿಚ್ಚಿದ ಕೊಡೆಗಳನ್ನು ಮೇಲೆ ಹಗ್ಗಕ್ಕೆ ತೂಗುಹಾಕಿರುತ್ತಾರೆ, ಕೆಳಗೆ ನಡೆಯುವವರ ಮೈಮೇಲೆ ಕೆಂಪು, ಹಳದಿ ಬೆಳಕು ಬೀಳುತ್ತದೆ. ಓಣಿಯ ಕೊನೆಗೆ ಹಸಿರು ಬಾಗಿಲು. ಆ ಬಾಗಿಲ ಹಿಂದೆ... ಅಷ್ಟರಲ್ಲಿ ಯಂತ್ರ ಸಾಕು ಎನ್ನುತ್ತಿತ್ತು. ಆಮೇಲೆ ಅಂಕವಿರುವ ಪ್ರಶ್ನೆ ಬಂತೋ, ಇವನ ಬಾಯಿಗೆ ಬೀಗ. ಕಲ್ಲನ್ನು ಓದುವವನು ತಾನೇ ಕಲ್ಲಾಗಿ ಕೂರುತ್ತಿದ್ದ. ಎರಡು ಸಲ ಹೀಗೇ ಆಗಿ ಫೇಲಾದ. ಪರದೇಶದ ವಿಶ್ವವಿದ್ಯಾಲಯದಲ್ಲಿ ಅವನಿಗೆಂದು ಇಟ್ಟಿದ್ದ ಸೀಟು, ಮೂರನೆಯ ಸಲವೂ ಪಾಸಾಗದಿದ್ದರೆ ಬೇರೆಯವರ ಪಾಲು. ಲಾಕರಿನ ಮುಂದೆ ತನ್ನ ಸರದಿಗೆ ಕಾಯುತ್ತಾ ಅವನೇ ಅಕ್ಕನಿಗೆ ಹೇಳಿಕೊಂಡಿದ್ದ.

ಇತ್ತ ಭಾನುವಾರ ಬಂದರೆ ನನಗೆ ಗ್ರಹಚಾರ. ಆ ಓಣಿ ಹುಡುಕಲು ಅಕ್ಕ ನನ್ನನ್ನು ಎಳೆದುಕೊಂಡು ಹೊರಡುತ್ತಿದ್ದಳು. ಊರಿನ ದರ್ಜಿ ಅಂಗಡಿಗಳನ್ನೆಲ್ಲ ದಾಟಿ ತಿರುಗಿದೆವು. ಕಂಡದ್ದು ಸ್ಕೂಟರು, ಜೋತಾಡುವ ವೈರು, ಎಳೆದ ಶಟರು. ನನ್ನ ಮಂಡಿ ಕೈಕೊಟ್ಟಿತು.

"ನಿಂಗೆಲ್ಲೋ ತಲೆ ಕೆಟ್ಟಿದೆ," ಎಂದೆ.

"ಇದೊಂದು ತಿರುವು ನೋಡ್ಬಿಡೋಣ, ಬಾರೋ."

ಮೂರನೆಯ ಪರೀಕ್ಷೆಯ ದಿನ ಕಲ್ಲಪ್ಪನ ಮುಖ ಬಿಳಿಚಿಕೊಂಡಿತ್ತಂತೆ. ಮೇಲ್ವಿಚಾರಕರು ನಿಯಮದ ನಾಲ್ಕು ಮಾತು ಬಿಟ್ಟು ಬೇರೆ ಆಡುವಂತಿಲ್ಲ. ಆದರೂ ಬೀಗದ ಕೈ ಕೊಡುವಾಗ ಅಕ್ಕನಿಗೆ ತಡೆಯಲಾಗಲಿಲ್ಲ.

"ಆ ಹಸಿರು ಬಾಗಿಲ ಹಿಂದೆ ಏನಿದೆ ಅಂತ ನೀವು ಹೇಳ್ಲೇ ಇಲ್ಲ."

ಅವನು ಬೆಚ್ಚಿಬಿದ್ದ. "ಮೇಡಂ, ನೀವು ಅದನ್ನ ಕೇಳಿಸ್ಕೊಂಡ್ರಾ?"

"ನಂಗಿನ್ನೇನಿದೆ ಕೆಲ್ಸ? ನಿಲ್ಲೋದು, ಕೇಳೋದು."

ಅಂಕದ ಪ್ರಶ್ನೆ ಬಂತು: ನಿಮ್ಮೂರಿಗೆ ಬಂದವರನ್ನು ಯಾವ ಜಾಗಕ್ಕೆ ಕರೆದೊಯ್ಯುತ್ತೀರಿ? ಕಲ್ಲಪ್ಪ ಎಂದಿನಂತೆ ಕಲ್ಲು. ಪರದೆಯ ಮೇಲೆ ಸಮಯ ಸೋರಿಹೋಗುತ್ತಿತ್ತು. ಅಕ್ಕ ಸಾಲಿನ ಕೊನೆಯಲ್ಲಿ ನಿಂತಿದ್ದಳು. ಅವನು ತಲೆಯೆತ್ತಿ ಅವಳನ್ನು ನೋಡಿದ. ನೋಡುತ್ತಲೇ ಬಾಯಿ ಬಿಟ್ಟ. ಹಸಿರು ಬಾಗಿಲ ಹಿಂದೆ ಮೆಟ್ಟಿಲುಗಳಿವೆ, ಹತ್ತಿದರೆ ತಾರಸಿ, ತಾರಸಿಯ ಮೇಲೆ ಒಂದು ಖಾಲಿ ಕುರ್ಚಿ. ದಣಿದವರು ಯಾರು ಬೇಕಾದರೂ ಬಂದು ಕೂರಬಹುದು. ಅಲ್ಲಿ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ಸುತ್ತಲಿನ ಗುಜುಗುಜು ದೂರ ಸರಿದು, ಆ ಕುರ್ಚಿಯ ಮೇಲೆ ಬಿಸಿಲು ಬಿದ್ದದ್ದು ಅಕ್ಕನಿಗೆ ಕಂಡಿತಂತೆ. ಮುಂದಿನ ಪ್ರಶ್ನೆಗಳಿಗೂ ಅವನ ಮಾತು ನಿಲ್ಲಲಿಲ್ಲ.

ಕೆಲವು ದಿನ ಕಳೆದು, ಸಂಜೆ ಅಕ್ಕನನ್ನು ಕರೆತರಲು ಹೋದಾಗ ಅವನು ಕಟ್ಟಡದ ಮೆಟ್ಟಿಲ ಮೇಲೆ ಕಾಯುತ್ತಿದ್ದ.

"ಪಾಸಾದೆ ಮೇಡಂ! ಸೀಟು ಉಳೀತು!"

ಅಕ್ಕ ಅವನ ಎರಡೂ ಕೈ ಹಿಡಿದುಕೊಂಡಳು. ಅವನ ಮುಖ ಮಾತ್ರ ಸಣ್ಣಗಾಯಿತು.

"ನಿಮ್ಮ ಹತ್ರ ಮುಚ್ಚಿಡೋಕೆ ಮನಸ್ಸು ಬರ್ತಿಲ್ಲ. ಅಂಥ ಓಣಿ ಎಲ್ಲೂ ಇಲ್ಲ ಮೇಡಂ. ಬಾಯಿಗೆ ಬಂದಿದ್ದು ಹೇಳ್ತಿದ್ದೆ. ಬಾಗಿಲ ಹಿಂದೆ ಏನಿದೆ ಅಂತ ನಂಗೂ ಗೊತ್ತಿರ್ಲಿಲ್ಲ. ಅವತ್ತು ನೀವು ನಿಂತೇ ಇದ್ರಲ್ಲ... ನಿಮ್ಮನ್ನ ನೋಡ್ತಾ ಆ ಕುರ್ಚಿ ಬಂತು."

ನನ್ನ ಮಂಡಿಯನ್ನು ನೆನೆದು ಅವನಿಗೆರಡು ಬಿಗಿಯೋಣ ಎನ್ನಿಸಿತು. ಅಕ್ಕನ ಮುಖ ನೋಡಲು ಭಯವಾಯಿತು. ಅವಳು ನಗುತ್ತಿದ್ದಳು.

"ಯಾಕಪ್ಪ ಹೀಗೆ ಸುಳ್ಳು ಹೇಳ್ತೀಯ? ಭಾನುವಾರ ನಾವಿಬ್ರೂ ಹೋಗಿದ್ವಲ್ಲ. ಆ ಕುರ್ಚೀಲಿ ಎಷ್ಟು ಹೊತ್ತು ಕೂತಿದ್ದೆ, ಕೇಳು ಇವ್ನನ್ನ."

ಅವನು ನನ್ನ ಕಡೆ ತಿರುಗಿದ. ಅಕ್ಕನೂ ತಿರುಗಿದಳು. ಇವಳು ಇಷ್ಟು ವರ್ಷ ನಿಂತಿದ್ದಾಳೆ, ಒಬ್ಬನಾದರೂ ಇವಳಿಗೊಂದು ಕುರ್ಚಿ ಹಾಕಿದನಲ್ಲ ಎಂದುಕೊಂಡೆ.

"ಹೌದು. ಆದ್ರೆ ಅದ್ರ ಒಂದು ಕಾಲು ಸ್ವಲ್ಪ ಅಲ್ಲಾಡ್ತಿತ್ತು," ಎಂದೆ. "ಕಾಗದ ಮಡಚಿ ಅಡೀಗಿಟ್ಟು ಬಂದಿದೀನಿ."

ಅವನು ನಕ್ಕ, ಆಮೇಲೆ ತೋಳಿಗೆ ಕಣ್ಣೊರೆಸಿಕೊಂಡ. ಅವನನ್ನು ಬೀಳ್ಕೊಟ್ಟು ನಾವಿಬ್ಬರೂ ಮನೆಯ ಕಡೆ ನಡೆದೆವು. ತಿರುವಿನಲ್ಲಿ ಅಕ್ಕ ನನ್ನ ತೋಳು ಹಿಡಿದಳು.

"ಯಾವ ಕಾಲೋ?" ಎಂದಳು.

"ಹಿಂದಿಂದು. ಎಡಗಡೆ."